ಹಗುರಾದ ಡಬ್ಬಿ

ಏಳನೆಯ ಕಂತು

2024ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ.

ತಪಾಸಣೆ ಅಧಿಕಾರಿ ಚೀಲದಿಂದ ಮೂರು ಕೆಂಪು ಸೀಲುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹೊರಗೆ ಯಾರ್ಡಿನಲ್ಲಿ ನಿಂತಿದ್ದ ಯಂತ್ರಗಳೂ, ಮಣ್ಣು ತುಂಬುವ ಲೋಡರ್ ಸೇರಿ, ಮೂರೇ.

“ಹತ್ತೂವರೆಗೆ ಸೀಲ್ ಹಾಕ್ತೀನಿ. ಅಷ್ಟರೊಳಗೆ ಹೇಳೋದೇನಾದ್ರೂ ಇದ್ರೆ ಹೇಳಿ,” ಎಂದರು.

ಯಂತ್ರಗಳ ಯಜಮಾನಿ ತಿರುಗಿ ನೋಡಲಿಲ್ಲ. ಅವಳ ಕಣ್ಣು ಕಿಟಕಿಯಾಚೆ, ಗೇಟಿನ ಹೊರಗೆ ಹಳೆಯ ಟೈರಿನ ಮೇಲೆ ಕೂತಿದ್ದ ತಮ್ಮನ ಮೇಲಿತ್ತು. ಯಾರ್ಡಿನ ಮೆಕ್ಯಾನಿಕ್ ಅವನೇ. ಕಳೆದ ವಾರ ಅವನನ್ನು ಗೇಟಿನಾಚೆ ಹಾಕಿದವಳೂ ಅವಳೇ. ಒಳಗೆ ಬಿಡದಿದ್ದರೂ ದಿನಾ ಬಂದು ಅಲ್ಲೇ ಕೂರುತ್ತಿದ್ದ.

ನಡೆದದ್ದು ಇಷ್ಟು: ಅವಳ ದೊಡ್ಡ ಅಗೆಯುವ ಯಂತ್ರ ಪಟ್ಟಣದೊಳಗೆ ಕಪ್ಪು ಹೊಗೆ ಉಗುಳಿ ಸಿಕ್ಕಿಬಿದ್ದಿತ್ತು, ಹೊಗೆ ಸೋಸಬೇಕಾದ ಫಿಲ್ಟರ್ ಡಬ್ಬಿಯನ್ನು ಕೊಯ್ದು ನೋಡಿದರೆ ಒಳಗೆ ಬರೀ ಗಾಳಿ.

ಮೂಲೆಯ ಬೆಂಚಿನ ಮೇಲೆ ಕೂತಿದ್ದ ಹೊಗೆ ಮೇಡಂ ಕನ್ನಡಕ ಒರೆಸಿಕೊಂಡರು. ಪತ್ತೇದಾರಿಕೆಗೆ ಇಳಿಯುವ ಮೊದಲು ಬಹಳ ವರ್ಷ ಎಂಜಿನ್ ಪ್ರಯೋಗಾಲಯದಲ್ಲಿ ಹೊಗೆ ಅಳೆದವರು ಅವರು. ಹೆಸರು ಅಲ್ಲಿಂದಲೇ ಅಂಟಿಕೊಂಡಿತ್ತು. ಅವರನ್ನು ಕರೆಸಿದ ದಿನ ಯಜಮಾನಿ ಒಂದೇ ಮಾತು ಹೇಳಿದ್ದಳು: “ನನ್ನ ತಮ್ಮ ಮಾಡಿದ್ನೋ ಇಲ್ವೋ, ಅಷ್ಟು ತಿಳಿದ್ರೆ ಸಾಕು. ಮಾಡಿದ್ರೆ ಮಾಡಿದಾನೆ ಅಂತಲೇ ಹೇಳಿ. ನನಗೆ ಸಮಾಧಾನ ಹೇಳೋಕೆ ಬೇರೆ ಜನ ಇದ್ದಾರೆ.”

ತಿರುಳು ಕಿತ್ತ ಡಬ್ಬಿಗಳು ಊರಲ್ಲಿ ಹೊಸದೇನಲ್ಲ. ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ ತಿರುಳಿರುತ್ತದೆ. ಹೊಗೆಯ ಮಸಿ ಅದರ ಸಣ್ಣ ಸಣ್ಣ ಕೋಣೆಗಳಲ್ಲಿ ಸಿಕ್ಕಿಕೊಂಡು, ಆಚೆ ಬರುವ ಗಾಳಿ ತಿಳಿಯಾಗಿರುತ್ತದೆ. ಮಸಿ ಕಟ್ಟಿಕೊಂಡಂತೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ವರ್ಷಕ್ಕೊಮ್ಮೆ ಡಬ್ಬಿ ಬಿಚ್ಚಿ ಕುಲುಮೆಗೆ ಕಳಿಸಿ ಬೇಯಿಸಿ ತರಿಸಬೇಕು. ಆ ದಿನಗಳಲ್ಲಿ ಯಂತ್ರ ಸುಮ್ಮನೆ ನಿಲ್ಲುತ್ತದೆ, ಆಪರೇಟರಿಗೆ ಸಂಬಳ ನಿಲ್ಲುವುದಿಲ್ಲ. ಇಷ್ಟೆಲ್ಲ ಯಾಕೆ ಎಂದು ಕಬ್ಬಿಣದ ಸರಳಿನಿಂದ ತಿರುಳು ಒಡೆದು ಎಸೆಯುವ ಮಾಲೀಕರಿದ್ದರು. ಅದಕ್ಕೇ ನಿಯಮ ಬಿಗಿಯಾಗಿತ್ತು: ಮಾಲೀಕರ ಕಡೆಯವರು ಡಬ್ಬಿಗೆ ಕೈ ಹಾಕಿದ್ದು ಸಾಬೀತಾದರೆ ಇರುವ ಯಂತ್ರಗಳಿಗೆಲ್ಲ ಒಂದು ವರ್ಷ ಸೀಲು, ಮೆಕ್ಯಾನಿಕ್‌ಗೆ ಇನ್ನು ಆ ಕೆಲಸವೇ ಇಲ್ಲ.

ಹೊಗೆ ಮೇಡಂಗೆ ನಿಯಮದ ಮೇಲೆ ಸಿಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿ ಬಿಳಿ ಕಾಗದದ ಮೇಲೆ ಕೂತ ಮಸಿಯನ್ನು ದಿನಾ ನೋಡಿದವರಿಗೆ, ಅದು ಎಳೆಯ ಶ್ವಾಸಕೋಶದಲ್ಲಿ ಹೇಗೆ ಕೂರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಳ್ಳೆಯ ನಿಯಮವೂ ತಪ್ಪು ಮನುಷ್ಯನ ತಲೆಗೆ ಸುತ್ತಿಕೊಳ್ಳಬಹುದು.

“ನೋಡಿ ಮೇಡಂ,” ಅಧಿಕಾರಿ ಮುಂದುವರಿಸಿದರು. “ಇವರ ತಮ್ಮನಿಗೆ ಒಂದು ಅಭ್ಯಾಸ ಇದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ತಗಡಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೀತಾನೆ. ಬೋಲ್ಟ್ ಅಲ್ಲಾಡಿದ್ರೂ ಗೆರೆ ಮುರೀಬೇಕು. ನಾವು ಡಬ್ಬಿ ಬಿಚ್ಚಿದಾಗ ಒಂದು ಗೆರೆನೂ ಮುರಿದಿರ್ಲಿಲ್ಲ. ಅಂದ್ರೆ ಅವನು ಹಾಕಿದ ಮೇಲೆ ಯಾರೂ ಮುಟ್ಟಿಲ್ಲ.”

“ಒಳ್ಳೆ ಕೆಲಸಗಾರ,” ಎಂದರು ಮೇಡಂ.

“ಅದೇ ಅವನಿಗೆ ಮುಳುವಾಯ್ತು. ಕುಲುಮೆಯಿಂದ ಡಬ್ಬಿ ತಂದುಕೊಟ್ಟ ಏಜೆಂಟ್, ಸ್ಟಿಕ್ಕರ್ ಸೀಲ್ ಸಮೇತ ತುಂಬಿದ ಡಬ್ಬಿನೇ ಕೊಟ್ಟೆ ಅಂತಾನೆ. ತುಂಬಿದ್ದನ್ನ ತಗೊಂಡವನು ಇವನು, ಖಾಲಿ ಹಾಕಿದವನೂ ಇವನು. ನಡುವೆ ಇನ್ಯಾರಿದ್ದಾರೆ?”

ಯಜಮಾನಿ ಈಗ ತಿರುಗಿದಳು. ಕಣ್ಣುಗಳು ಕೆಂಪಾಗಿದ್ದವು, ಬಾಯಿ ಮಾತ್ರ ಎಂದಿನಂತೆ ಚುರುಕಾಗಿತ್ತು.

“ಅವನ ಮಾತು ನಂಬೋದಾದ್ರೂ ಹೇಗೆ ಹೇಳಿ? ಡಬ್ಬಿ ಹಾಕಿದ ದಿನ ಮನೆಗೆ ಬಂದು, ಅಕ್ಕಾ ನನ್ನ ಸೊಂಟ ಸರಿಹೋಯ್ತು ಅಂತ ನಡುಮನೆಯಲ್ಲಿ ಕುಣಿದ. ಮಾರನೇ ದಿನ ಬ್ಯಾಟರಿ ಎತ್ತೋಕೆ ಹೋಗಿ ಮಂಚ ಹಿಡಿದ. ಸೊಂಟದ ವಿಷಯದಲ್ಲೂ ಸುಳ್ಳು ಹೇಳೋ ಮನುಷ್ಯ!”

ಹೊಗೆ ಮೇಡಂ ಕನ್ನಡಕ ಹಾಕಿಕೊಂಡರು.

“ಸೊಂಟ ಸರಿಹೋಯ್ತು ಅಂತ ಯಾಕೆ ಅಂದ?”

“ಚೈನ್ ಪುಲ್ಲಿ ಇಲ್ಲದೆ ಒಬ್ಬನೇ ಡಬ್ಬಿ ಎತ್ತಿದ್ನಂತೆ. ಅದನ್ನ ಈ ಬಕೆಟ್ ಮಾಮ ವಿಡಿಯೋ ಬೇರೆ ಮಾಡಿ ಮನೆಯವರಿಗೆಲ್ಲ ಕಳಿಸಿದ್ರು. ಪೈಲ್ವಾನ್ ನೋಡಿ ಅಂತ. ಎಲ್ಲಾ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು.”

ಬಾಗಿಲ ಬಳಿ ಟೀ ಹೀರುತ್ತಿದ್ದ ಬಕೆಟ್ ಮಾಮ ಲೋಟ ಕೆಳಗಿಟ್ಟರು. ದೊಡ್ಡ ಯಂತ್ರದ ಹಳೆಯ ಆಪರೇಟರ್ ಅವರು. ಯಂತ್ರದ ಬಕೆಟ್ಟಿನಿಂದ ನೆಲದ ಮೇಲಿನ ಬೆಂಕಿಪೊಟ್ಟಣ ಎತ್ತಬಲ್ಲೆ ಎಂದು ಪಂದ್ಯ ಕಟ್ಟಿ ಗೆದ್ದವರು.

“ಇದೆ, ಇದೆ. ಅಳಿಸಿಲ್ಲ,” ಎಂದು ಫೋನ್ ತೆಗೆದರು. “ಬೇಜಾರಾದಾಗ ನೋಡ್ತಾ ಇರ್ತೀನಿ.”

ಒಂದೂವರೆ ನಿಮಿಷದ ವಿಡಿಯೋ. ಮೊದಲು ಏಜೆಂಟನ ವ್ಯಾನು. ಏಜೆಂಟ್ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಯಾರೊಂದಿಗೋ ಮಾತಾಡುತ್ತಲೇ ಡಬ್ಬಿಯನ್ನು ಹೊರಗೆ ಚಾಚುತ್ತಾನೆ. ತಮ್ಮ “ಚೈನ್ ಪುಲ್ಲಿ ಖಾಲಿ ಇಲ್ಲ, ತಡೀರಿ” ಎನ್ನುತ್ತಾನೆ. ಆಮೇಲೆ ಏನಾದರಾಗಲಿ ಎಂಬಂತೆ ಡಬ್ಬಿ ಹೆಗಲಿಗೇರಿಸುತ್ತಾನೆ. ಅವನ ಮುಖದಲ್ಲಿ ಆಶ್ಚರ್ಯ, ಆಮೇಲೆ ಹೆಮ್ಮೆ. ಬಕೆಟ್ ಮಾಮನ ನಗು ಕೇಳುತ್ತದೆ. ಯಂತ್ರದ ಬಳಿ ಹೋಗಿ ಡಬ್ಬಿಯನ್ನು ಎಡಗೈಯಲ್ಲಿ ಎದೆಮಟ್ಟಕ್ಕೆ ಒತ್ತಿಹಿಡಿದು, ಬಲಗೈಯಲ್ಲಿ ಮೊದಲ ಬೋಲ್ಟ್ ತಿರುಗಿಸುತ್ತಾನೆ. ಕ್ಯಾಮೆರಾ ಕಡೆ ತಿರುಗಿ ಹುಬ್ಬು ಹಾರಿಸುತ್ತಾನೆ.

ಮೇಡಂ ಅಲ್ಲೇ ವಿಡಿಯೋ ನಿಲ್ಲಿಸಿ ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿದರು. ಡಬ್ಬಿಯ ಎರಡೂ ಬಾಯಿಗಳಿಗೆ ಪ್ಲಾಸ್ಟಿಕ್ ಮುಚ್ಚಳ, ಕೊನೆಗೆ ಕೊಳವೆ ಜೋಡಿಸುವಾಗಷ್ಟೇ ತೆಗೆಯುವಂಥದ್ದು. ಮುಚ್ಚಳಗಳ ಮೇಲೆ ಅಡ್ಡಲಾಗಿ ಕುಲುಮೆಯ ನೀಲಿ ಸ್ಟಿಕ್ಕರ್, ಹರಿಯದೆ, ಸುಕ್ಕಾಗದೆ.

ಇಷ್ಟು ಜನ ಇಷ್ಟು ಸಲ ನೋಡಿ ನಕ್ಕ ಚಿತ್ರವನ್ನು ಯಾರೂ ನೋಡೇ ಇರಲಿಲ್ಲ.

“ಈ ಯಾರ್ಡಲ್ಲಿ ತೂಗೋಕೆ ಏನಿದೆ?” ಎಂದರು ಮೇಡಂ.

“ಕೊಕ್ಕೆ ತಕ್ಕಡಿ ಇದೆ. ಗುಜರಿ ಮಾರುವಾಗ ಬೇಕಾಗುತ್ತೆ,” ಎಂದಳು ಯಜಮಾನಿ. “ಯಾಕೆ?”

ಅಷ್ಟರಲ್ಲಿ ಗೇಟಿನ ಬಳಿ ವ್ಯಾನು ನಿಂತ ಸದ್ದಾಯಿತು.

ಇಳಿದವನು ಗ್ಯಾರಂಟಿ, ವಿಡಿಯೋದಲ್ಲಿದ್ದ ಅದೇ ಏಜೆಂಟ್. ಮಾಲೀಕರಿಂದ ಡಬ್ಬಿ ತೆಗೆದುಕೊಂಡು ಕುಲುಮೆಗೆ ಒಯ್ಯುವುದು, ಬೆಂದ ಮೇಲೆ ವಾಪಸ್ ತರುವುದು ಅವನ ಕೆಲಸ. ಮಾತಿಗೊಮ್ಮೆ ಗ್ಯಾರಂಟಿ ಎನ್ನುತ್ತಿದ್ದುದರಿಂದ ಅವನ ಅಸಲು ಹೆಸರು ಅವನಿಗೇ ಮರೆತುಹೋಗಿರಬೇಕು ಎಂದು ಬಕೆಟ್ ಮಾಮ ಅನ್ನುತ್ತಿದ್ದರು.

“ನಮಸ್ಕಾರ, ನಮಸ್ಕಾರ! ಸಾಹೇಬ್ರೂ ಇದ್ದೀರಾ, ಒಳ್ಳೇದಾಯ್ತು. ಯಜಮಾನಿಯಮ್ಮ, ನಿನ್ನೆ ಸಂಜೆ ಕುಲುಮೆಯವರೇ ಲೋಡರ್ ಡಬ್ಬಿ ಇಳಿಸಿ ಹೋದ್ರಲ್ಲ, ಅದು ಇನ್ನೂ ಸರಿಯಾಗಿ ಬೆಂದಿಲ್ಲವಂತೆ. ವಾಪಸ್ ತಗೊಂಡು ಹೋಗ್ತೀನಿ. ನಾಳೆ ಬೆಳಿಗ್ಗೆ ತಂದ್ಕೊಡ್ತೀನಿ, ಗ್ಯಾರಂಟಿ.”

“ಕರೀದೆ ಬಂದಿದ್ದೀರಿ,” ಎಂದಳು ಯಜಮಾನಿ. “ಬೇರೆ ದಿನ ಹತ್ತು ಸಲ ಫೋನ್ ಮಾಡಿದ್ರೂ ಎತ್ತಲ್ಲ.”

“ನಮ್ಮ ಕೆಲಸ, ನಮ್ಮ ಜವಾಬ್ದಾರಿ.”

ಹೊಗೆ ಮೇಡಂ ಎದ್ದರು. “ತಗೊಂಡು ಹೋಗೋರಂತೆ. ಅದಕ್ಕೆ ಮೊದಲು ನನಗೊಂದು ಸಣ್ಣ ಸಹಾಯ ಮಾಡ್ತೀರಾ?”

ಎಲ್ಲರೂ ಶೆಡ್ಡಿಗೆ ನಡೆದರು. ದೊಡ್ಡ ಯಂತ್ರಕ್ಕೆಂದು ಬೇರೆ ಅಂಗಡಿಯಿಂದ ತರಿಸಿದ್ದ ಹೊಚ್ಚಹೊಸ ಡಬ್ಬಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಆ ದುಡ್ಡಿಗೆ ಒಂದು ಹಳೆಯ ಕಾರೇ ಬರುತ್ತಿತ್ತು ಎಂದು ಯಜಮಾನಿ ಅದನ್ನು ನೋಡಿದಾಗಲೆಲ್ಲ ಗೊಣಗುತ್ತಿದ್ದಳು, ಈಗಲೂ ಗೊಣಗಿದಳು. ಚೈನ್ ಪುಲ್ಲಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಬಕೆಟ್ ಮಾಮ ಡಬ್ಬಿ ಎತ್ತಿದರು. ಮೂವತ್ನಾಲ್ಕು ಕಿಲೋ. ಡಬ್ಬಿಯ ಮೇಲಿನ ತಗಡಿನಲ್ಲಿ ಕೊರೆದಿದ್ದೂ ಅಷ್ಟೇ.

“ತಕ್ಕಡಿ ಸರಿಯಾಗಿದೆ,” ಎಂದರು ಮೇಡಂ. “ಸಾಹೇಬ್ರೇ, ನೀವು ಕೊಯ್ದ ಡಬ್ಬಿ ಜೀಪಲ್ಲಿದೆಯಲ್ಲ, ಅದನ್ನೂ ತೂಗೋಣ.”

ಎರಡು ಹೋಳುಗಳನ್ನೂ ಒಟ್ಟಿಗೆ ಕಟ್ಟಿ ತೂಗಿದರು. ಹದಿನೈದು ಕಿಲೋ.

“ಈಗ ಗ್ಯಾರಂಟಿಯವರೇ, ಹೊಸ ಡಬ್ಬಿಯನ್ನ ಎಡಗೈಯಲ್ಲಿ ಹೀಗೆ ಎದೆಮಟ್ಟಕ್ಕೆ ಹಿಡ್ಕೊಂಡು, ಬಲಗೈಯಲ್ಲಿ ಆ ಬೋಲ್ಟ್ ಹಾಕಿ ತೋರಿಸಿ.”

ಗ್ಯಾರಂಟಿ ನಕ್ಕ. “ಏನ್ ಮೇಡಂ ತಮಾಷೆ! ನಾನೇನು ಪೈಲ್ವಾನಾ? ಮೂವತ್ನಾಲ್ಕು ಕಿಲೋ ಒಂದೇ ಕೈಲಿ ಹಿಡಿದು ಬೋಲ್ಟ್ ಹಾಕೋ ಗಂಡಸು ಈ ಊರಲ್ಲೇ ಇಲ್ಲ.”

“ಗ್ಯಾರಂಟಿ?”

“ಗ್ಯಾರಂಟಿ!”

ಬಕೆಟ್ ಮಾಮ ಕೆಮ್ಮಿದರು. ಮೇಡಂ ಫೋನನ್ನು ಅವನ ಮುಖದ ಮುಂದೆ ಹಿಡಿದರು.

ಗ್ಯಾರಂಟಿ ಮೊದಲು ಹಲ್ಲು ಕಿರಿದು ನೋಡಿದ. ತಾನು ಕಿವಿಗೆ ಫೋನ್ ಸಿಕ್ಕಿಸಿಕೊಂಡು ಡಬ್ಬಿ ಚಾಚುವ ಜಾಗ ಬಂದಾಗ ಹಲ್ಲು ಒಳಗೆ ಹೋಯಿತು. ತಮ್ಮ ಒಂದೇ ಕೈಯಲ್ಲಿ ಡಬ್ಬಿ ಹಿಡಿದು ಹುಬ್ಬು ಹಾರಿಸುವಾಗ ಗ್ಯಾರಂಟಿಯ ಹಣೆಯಲ್ಲಿ ಬೆವರಿತ್ತು.

“ವಿಡಿಯೋದಲ್ಲಿರೋ ಇವನಿಗೆ ಸೊಂಟ ನೋವು,” ಎಂದರು ಮೇಡಂ, ಪಾಠ ಹೇಳುವವರಂತೆ ನಿಧಾನವಾಗಿ. “ವರ್ಷಗಳಿಂದ ಇದೆ. ಇವನು ಇಷ್ಟು ಸಲೀಸಾಗಿ ಹಿಡಿದಿರೋದು ಹದಿನೈದು ಕಿಲೋ, ಮೂವತ್ನಾಲ್ಕಲ್ಲ. ಡಬ್ಬಿ ನಿಮ್ಮ ಕೈಯಿಂದ ಇವನ ಹೆಗಲಿಗೆ ಬಂದು ಯಂತ್ರಕ್ಕೆ ಹತ್ತೋವರೆಗೂ ಕ್ಯಾಮೆರಾ ಎಲ್ಲೂ ಆಚೀಚೆ ಹೋಗಿಲ್ಲ. ಬೋಲ್ಟ್ ಹಾಕುವಾಗಲೂ ಎರಡೂ ಸ್ಟಿಕ್ಕರ್ ಹಾಗೇ ಇವೆ. ಸೀಲ್ ಒಡೆಯೋ ಮೊದಲೇ ಡಬ್ಬಿ ಖಾಲಿಯಾಗಿತ್ತು.”

ಮೇಡಂ ಫೋನನ್ನು ಅಧಿಕಾರಿಯ ಕಡೆ ಚಾಚಿದರು.

“ಇನ್ನೊಂದು ಮಾತು. ತಿರುಳು ಕದ್ದವನು ತಾನೇ ಆಗಿದ್ರೆ, ಹಗುರಾದ ಡಬ್ಬಿ ಎತ್ತಿ ಸೊಂಟ ಸರಿಹೋಯ್ತು ಅಂತ ಮನೇಲಿ ಕುಣೀತಾನಾ? ನಂಬಿದಾನೆ ಪಾಪ. ನಂಬ್ಕೊಂಡೇ ಮಾರನೇ ದಿನ ಬ್ಯಾಟರಿಗೆ ಕೈ ಹಾಕಿದಾನೆ.”

ಅಧಿಕಾರಿ ಫೋನ್ ತೆಗೆದುಕೊಂಡು ವಿಡಿಯೋವನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಗ್ಯಾರಂಟಿಯ ಕಡೆ ತಿರುಗಿದರು.

“ತೂಕ ಕಡಿಮೆ ಇದ್ದದ್ದು ನಿನಗೆ ಗೊತ್ತಾಗ್ಲಿಲ್ವಾ?”

“ಸಾಹೇಬ್ರೇ, ನಾನು... ಕುಲುಮೆಯವರು ಏನು ಕೊಡ್ತಾರೋ ಅದನ್ನ ತರೋನು. ಅಷ್ಟೇ.”

“ಗೊತ್ತಾಯ್ತೋ ಇಲ್ವೋ?”

“ಗೊತ್ತಾಯ್ತು. ಕೇಳಿದೆ. ತಿರುಳಿನ ಮೇಲೆ ಪ್ಲಾಟಿನಂ ಲೇಪ ಇರುತ್ತಂತೆ, ಅದಕ್ಕೆ ಗಿರಾಕಿ ಇದ್ದಾರಂತೆ. ಹಳೇ ಯಂತ್ರದೋರು ಹೇಗಿದ್ರೂ ತಾವೇ ಕಿತ್ತು ಹಾಕೋರು, ಯಾರು ಕೇಳ್ತಾರೆ, ನಿನ್ನ ಪಾಡಿಗೆ ನೀನಿರು ಅಂದ್ರು.”

“ಯಾರು ಅಂದ್ರು?”

ಗ್ಯಾರಂಟಿಯ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟತೊಡಗಿತು. ತೆಗೆದು ನೋಡಿ, ಕೈ ಸುಟ್ಟವನಂತೆ ಮತ್ತೆ ಜೇಬಿಗೆ ತುರುಕಿದ.

“ಹೆಸರು ಸ್ಟೇಷನ್ನಿನಲ್ಲಿ ಹೇಳ್ತೀಯಂತೆ,” ಎಂದು ಅಧಿಕಾರಿ ಚಾಲಕನನ್ನು ಕೂಗಿ ಗ್ಯಾರಂಟಿಯನ್ನು ಜೀಪಿನಲ್ಲಿ ಕೂರಿಸಲು ಹೇಳಿದರು. ಮತ್ತೆ ಆಫೀಸು ಕೋಣೆಗೆ ಹೋದವರು ಬರುವಾಗ ಕೆಂಪು ಸೀಲುಗಳು ಮೇಜಿನ ಮೇಲಿರಲಿಲ್ಲ. ಚೀಲದ ಜಿಪ್ಪು ಹಾಕಿತ್ತು. ಯಜಮಾನಿಯ ಮುಂದೆ ನಿಂತು ಅವರು ತಡವರಿಸಿದರು. ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ.

“ನಿಮ್ಮ ತಮ್ಮನ ಮೇಲಿನ ಆರೋಪ ಇಲ್ಲಿಗೆ ಮುಗೀತು. ದೊಡ್ಡ ಯಂತ್ರಕ್ಕೆ ಹೊಸ ಡಬ್ಬಿ ಹಾಕಿಸಿ, ಹೊಗೆ ಪರೀಕ್ಷೆ ಮಾಡಿಸಿ, ಓಡಿಸಿ. ಆ ಹಳದಿ ಗೆರೆ... ಅದನ್ನ ಬಿಡಬೇಡ ಅಂತ ಹೇಳಿ ಅವನಿಗೆ. ಒಳ್ಳೆ ಅಭ್ಯಾಸ.”

ಯಜಮಾನಿ ತಲೆಯಾಡಿಸಿದಳು. ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು. ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದವರ ಮುಖ ಹೇಗಿರುತ್ತದೆಂದು ಹೊಗೆ ಮೇಡಂ ಕೆಲವು ಸಲ ನೋಡಿದ್ದರು. ಅದು ಮೊದಲು ಸುಸ್ತಾದಂತೆ ಕಾಣುತ್ತದೆ, ಸಂತೋಷ ಸ್ವಲ್ಪ ತಡವಾಗಿ ಬರುತ್ತದೆ.

ಅವಳು ಗೇಟಿನವರೆಗೆ ನಡೆದುಹೋದಳು. ಟೈರಿನ ಮೇಲಿದ್ದವನು ಅಕ್ಕ ಬರುವುದನ್ನು ನೋಡಿ ಎದ್ದು ನಿಂತ, ಬೈಗುಳಕ್ಕೆ ಸಿದ್ಧನಾದವನಂತೆ.

“ಒಳಗೆ ಬಾರೋ, ಪೈಲ್ವಾನ್.”

ಅವನು ಅಲ್ಲಾಡಲಿಲ್ಲ. “ಮತ್ತೆ ಆಚೆ ಹಾಕೋದಾದ್ರೆ ಬರಲ್ಲ.”

“ಹಾಕಲ್ಲ ಬಾ.”

“ನೀನು ನನ್ನನ್ನ ಒಂದು ಮಾತು ಕೇಳ್ಲಿಲ್ಲ ಅಕ್ಕ.”

“ಕೇಳ್ಬೇಕಿತ್ತು. ತಪ್ಪು ನಂದೇ. ಈಗ ಅದನ್ನ ಬೀದೀಲಿ ನಿಂತು ಹೇಳಿಸ್ತೀಯಾ? ಊಟ ಮಾಡಿದ್ಯಾ?”

“ಬೆಳಿಗ್ಗೆ ಹತ್ತು ಗಂಟೆಗೆ ಯಾರು ಊಟ ಮಾಡ್ತಾರೆ?”

“ಹಾಗಾದ್ರೆ ನಿನ್ನೆದು?”

ಅವಳು ಅವನ ಕಾಲರ್ ಹಿಡಿದು ಒಳಗೆ ಎಳೆದುಕೊಂಡಳು. ಬಕೆಟ್ ಮಾಮ ಸುಮ್ಮನಿರಲಾರದೆ ದೊಡ್ಡ ಯಂತ್ರದ ಹಾರ್ನ್ ಒತ್ತಿಬಿಟ್ಟರು. ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಬಹಳ ದಿನಗಳ ಮೇಲೆ ಆ ಯಾರ್ಡಿನಲ್ಲಿ ನಗು ಕೇಳಿತು. ಹೊಗೆ ಮೇಡಂ ಕೂಡ ನಕ್ಕರು, ಆರಿಹೋಗಿದ್ದ ಟೀಯನ್ನು ಪೂರ್ತಿ ಕುಡಿದರು.

ಎಲ್ಲ ಕೇಳಿದ ಮೇಲೆ ತಮ್ಮ ತಲೆ ಕೆರೆದುಕೊಂಡ. “ಅಂದ್ರೆ ನನ್ನ ಸೊಂಟ ಸರಿಹೋಗಿರ್ಲೇ ಇಲ್ವಾ?”

“ಇಲ್ಲಪ್ಪ,” ಎಂದರು ಬಕೆಟ್ ಮಾಮ. “ನೀನು ಎತ್ತಿದ್ದು ಬರೀ ತಗಡು.”

“ಛೇ. ಅದೊಂದೇ ಬೇಜಾರು.” ಅವನು ಸುತ್ತ ನೋಡಿದ. “ಹಾಗಾದ್ರೆ ಲೋಡರ್ ಡಬ್ಬಿ? ನಿನ್ನೆ ಬಂದಿದ್ದು? ಅದೂ ಖಾಲಿನೇ ಇರ್ಬೇಕಲ್ಲ! ಅದಕ್ಕೇ ಅವನು ಓಡೋಡಿ ಬಂದಿದ್ದು.”

ಎಲ್ಲರಿಗೂ ಅದೇ ಅನಿಸಿತ್ತು. ಎರಡನೆಯ ಕಳ್ಳತನ ಬಯಲಾಗುವ ಮೊದಲೇ ಡಬ್ಬಿ ಸಾಗಿಸಲು ಬಂದಿದ್ದಾನೆ, ಬೇರೇನು? ಡಬ್ಬಿ ಶೆಡ್ಡಿನ ಗೋಡೆಗೆ ಒರಗಿತ್ತು. ಎರಡು ಬಾಯಿಗೂ ಮುಚ್ಚಳ, ಮೇಲೆ ನೀಲಿ ಸ್ಟಿಕ್ಕರ್. ಲೋಡರಿನ ಎಂಜಿನ್ನೂ ಅದೇ ಅಳತೆಯದು, ಡಬ್ಬಿಯೂ ಅದೇ ಮಾದರಿಯದು. ಮೂವತ್ನಾಲ್ಕು ಕಿಲೋ ಎಂದು ತಗಡಿನ ಮೇಲೆ ಕೊರೆದಿತ್ತು.

“ನೋಡಿ, ಮತ್ತೆ ಪೈಲ್ವಾನ್ ಆಗ್ತೀನಿ,” ಎಂದು ತಮ್ಮ ತೋಳು ಮೇಲೆತ್ತಿ, ಬಗ್ಗಿ, ಒಂದೇ ಸಲಕ್ಕೆ ಎತ್ತಲು ಹೋದ.

ಡಬ್ಬಿ ನೆಲ ಬಿಡಲಿಲ್ಲ.

“ಅಯ್ಯಯ್ಯೋ, ಸೊಂಟ!”

ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಕೆಟ್ ಮಾಮನ ಕಣ್ಣಲ್ಲಿ ನೀರು ಬಂತು. ಅಧಿಕಾರಿಯ ತುಟಿಯೂ ಅರಳಿತು.

“ತುಂಬಿದೆ!” ಎಂದಳು ಯಜಮಾನಿ. “ಅಬ್ಬ, ಇದನ್ನಾದ್ರೂ ಬಿಟ್ಟಿದ್ದಾರಲ್ಲ. ಇನ್ನೊಂದು ಡಬ್ಬಿ ಕೊಳ್ಳೋ ಶಕ್ತಿ ನನಗಿರ್ಲಿಲ್ಲ.”

ಹೊಗೆ ಮೇಡಂ ಮಾತ್ರ ನಗುವುದನ್ನು ನಿಲ್ಲಿಸಿದ್ದರು.

ತುಂಬಿದ್ದರೆ ಒಳ್ಳೆಯದೇ. ಆದರೆ ತುಂಬಿದ ಡಬ್ಬಿಯನ್ನು ಗ್ಯಾರಂಟಿ ಕರೆಯದೆ ಬಂದು ವಾಪಸ್ ಕೇಳಿದ್ದೇಕೆ? ಖಾಲಿ ಡಬ್ಬಿ ಕೊಟ್ಟಾಗ ಅವನಿಗೆ ಅವಸರವಿರಲಿಲ್ಲ. ಈ ಡಬ್ಬಿಗಾಗಿಯೇ ಇರಬೇಕು, ಜೀಪಿನಲ್ಲಿ ಕೂತ ಅವನ ಜೇಬಿನ ಫೋನ್ ಈಗಲೂ ಬಿಡದೆ ಗುಂಯ್‌ಗುಟ್ಟುತ್ತಿತ್ತು.

ಅವರು ಜೀಪಿನ ಕಡೆ ನೋಡಿದರು. ಗ್ಯಾರಂಟಿ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ. ಸಿಕ್ಕಿಬಿದ್ದಾಗಲೂ ಅವನ ಮುಖ ಇಷ್ಟು ಬಿಳಿಚಿರಲಿಲ್ಲ.

“ಅದನ್ನ ತೆರೀಬೇಡಿ ಮೇಡಂ,” ಎಂದ. ಅವನ ದನಿ ಬೇಡುವಂತಿತ್ತು. “ಅದು ಈ ಯಾರ್ಡಿಗೆ ಬರೋ ಡಬ್ಬಿನೇ ಅಲ್ಲ. ಒಳಗೇನಿದೆ ಅಂತ ನನಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ.”

“ಮಾಮ, ಎತ್ತಿ,” ಎಂದರು ಹೊಗೆ ಮೇಡಂ.

ಚೈನ್ ಪುಲ್ಲಿಯ ಸರಪಳಿ ಕಿರುಗುಟ್ಟಿತು. ಡಬ್ಬಿ ನೆಲ ಬಿಟ್ಟು ಮೆಲ್ಲಗೆ ಒಂದು ಸುತ್ತು ತಿರುಗಿತು. ತಿರುಗುವಾಗ ಒಳಗೆ ಏನೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿದ ಸದ್ದು ಬಂತು. ಪಿಂಗಾಣಿ ತಿರುಳು ಡಬ್ಬಿಗೆ ಕಚ್ಚಿಕೊಂಡಿರುತ್ತದೆ, ಅದು ಜಾರುವುದಿಲ್ಲ. ಬೇಯದೆ ಉಳಿದ ಮಸಿಯನ್ನೆಲ್ಲ ಸೇರಿಸಿದರೂ ತೂಕ ಒಂದು ಕಿಲೋ ಏರಬಹುದು, ಅಷ್ಟೇ.

ತಕ್ಕಡಿಯ ಅಂಕಿಗಳು ಹಿಂದೆಮುಂದೆ ಓಡಿ, ನಿಧಾನಿಸಿ, ನಿಂತವು.

ನಲವತ್ತೊಂದು ಕಿಲೋ ಆರುನೂರು ಗ್ರಾಂ.